ನಿರಾಶ್ರಿತರ ರಕ್ಷಣಾ ಹಡಗು: ನಕ್ಷೆ ಎಲ್ಲಿಂದ ಶುರುವಾಗಬೇಕು?

ಪ್ರಶ್ನೆ: ನಾನು ಹಡಗು ವಿನ್ಯಾಸ ಓದುತ್ತಿರುವ ಅಂತಿಮ ವರ್ಷದ ವಿದ್ಯಾರ್ಥಿನಿ. ಮೆಡಿಟರೇನಿಯನ್ ಸಮುದ್ರ ದಾಟುವ ನಿರಾಶ್ರಿತರಿಗಾಗಿ 70 ಮೀಟರ್ ಉದ್ದದ, 400 ಜನರನ್ನು ಹೊರಬಲ್ಲ ರಕ್ಷಣಾ ಹಡಗನ್ನು ಪ್ರಾಜೆಕ್ಟಿಗೆ ಆಯ್ದುಕೊಂಡಿದ್ದೇನೆ. ವೇಗಕ್ಕೆ ಒತ್ತು ಕೊಡಬೇಕೋ, ಆಸ್ಪತ್ರೆ ಸೌಲಭ್ಯಕ್ಕೋ? ‘ಮಾನವೀಯ’ ವಿನ್ಯಾಸ ಎನ್ನುವಾಗ ನಕ್ಷೆಯಲ್ಲಿ ನಿಜವಾಗಿ ಬದಲಾಗುವುದೇನು? ಈ ಕೆಲಸದಲ್ಲಿರುವ ಸಂಸ್ಥೆಗಳೆಲ್ಲ ಹಳೆಯ ಹಡಗುಗಳನ್ನೇ ಬಳಸುವುದೇಕೆ?

ಉತ್ತರ: ನಿಮ್ಮ ಹಡಗು ತನ್ನ ಆಯುಷ್ಯದಲ್ಲಿ ಅತಿ ಹೆಚ್ಚು ಮಾಡಲಿರುವ ಕೆಲಸ ಕಾಯುವುದು. ವೇಗ, ಆಸ್ಪತ್ರೆ ಎರಡೂ ಅದರ ನಂತರ.

ರಕ್ಷಣೆ ಎಂದ ಕೂಡಲೇ ನಮಗೆ ನೆನಪಾಗುವುದು ಅಲೆಗಳ ಮೇಲೆ ಧಾವಿಸುವ ಕಿತ್ತಳೆ ಬಣ್ಣದ ದೋಣಿ. ಆ ಭಾಗ ಕೆಲವೇ ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಆಮೇಲೆ ಹತ್ತಿದವರು ದಿನಗಟ್ಟಲೆ ಹಡಗಿನ ಮೇಲೆಯೇ ಇರುತ್ತಾರೆ. 2019ರ ಆಗಸ್ಟಿನಲ್ಲಿ ಸ್ಪೇನಿನ ಓಪನ್ ಆರ್ಮ್ಸ್ ಹಡಗಿಗೆ ಮೊದಲ ರಕ್ಷಣೆಯಾದ ಮೇಲೆ ಬಂದರಿನ ಅನುಮತಿ ಸಿಗದೆ ಜನರನ್ನು ದಡಕ್ಕಿಳಿಸಲು 19 ದಿನ ಬೇಕಾಯಿತು. ಇಟಲಿಯ ಲ್ಯಾಂಪೆಡೂಸಾ ದ್ವೀಪ ಕಣ್ಣೆದುರೇ ಇತ್ತು. ಕೆಲವರು ತಾಳಲಾರದೆ ನೀರಿಗೆ ಹಾರಿದರು. ಮರುವರ್ಷ ಮರ್ಸ್ಕ್ ಎಟಿಯೆನ್ ಎಂಬ ಟ್ಯಾಂಕರ್ ತಾನು ಎತ್ತಿಕೊಂಡ 27 ಜನರೊಂದಿಗೆ ಮಾಲ್ಟಾದ ಹೊರಗೆ 38 ದಿನ ನಿಂತಿತ್ತು. 2023ರಿಂದ ಇಟಲಿಯ ನಿಯಮ ಇನ್ನೊಂದು ಬಗೆಯದು: ಒಂದು ರಕ್ಷಣೆ ಮುಗಿದ ಕೂಡಲೇ ಸೂಚಿಸಿದ ಬಂದರಿನತ್ತ ಹೊರಡಬೇಕು. ಆ ಬಂದರು ಹತ್ತಿರದ ಸಿಸಿಲಿಯಲ್ಲೇ ಇರಬೇಕೆಂದಿಲ್ಲ. ಉತ್ತರದ ರವೆನ್ನಾ ಎಂದರೆ ಸುಮಾರು 1600 ಕಿಲೋಮೀಟರ್, ನಾಲ್ಕು ದಿನಗಳ ಪಯಣ.

ಆದ್ದರಿಂದ ನಕ್ಷೆಯ ಹಾಳೆಯ ತಲೆಯ ಮೇಲೆ ‘400 ಜನ’ ಎಂದಷ್ಟೇ ಬರೆಯಬೇಡಿ. ‘400 ಜನ, 10 ದಿನ, ಯಾವ ಬಂದರೂ ತೆರೆದಿಲ್ಲ’ ಎಂದು ಬರೆಯಿರಿ. ನಿಮ್ಮ ಅರ್ಧ ನಿರ್ಧಾರಗಳು ಆ ಒಂದು ಸಾಲಿನಿಂದಲೇ ಹೊರಡುತ್ತವೆ.

ಉಳಿದರ್ಧ ಹೊರಡುವುದು ಹಡಗಿನ ಪಕ್ಕೆಯಿಂದ, ಅಂದರೆ ಮನುಷ್ಯ ನೀರಿನಿಂದ ಮೇಲೆ ಬರುವ ಜಾಗದಿಂದ. 2015ರ ಏಪ್ರಿಲ್ 18ರ ರಾತ್ರಿ ಕಿಂಗ್ ಜೇಕಬ್ ಎಂಬ ಸರಕು ಹಡಗು ನೆರವಿನ ಕರೆಗೆ ಓಗೊಟ್ಟು ಒಂದು ಮೀನುಗಾರಿಕೆ ದೋಣಿಯ ಬಳಿ ಬಂತು. ಒಳಗೆ ನೂರಾರು ಜನರನ್ನು ತುರುಕಿದ್ದ ಆ ದೋಣಿ ಹಡಗಿಗೇ ಬಂದು ಬಡಿದು ಮಗುಚಿತು. ಬದುಕಿ ಉಳಿದವರು 28 ಮಂದಿ. ಸರಕು ಹಡಗಿನವರು ಮಾಡಬೇಕಾದುದನ್ನೇ ಮಾಡಿದ್ದರು. ಆದರೆ ತುಂಬಿ ತುಳುಕುವ ದೋಣಿಯ ಪಕ್ಕದಲ್ಲಿ ಎತ್ತರದ ಉಕ್ಕಿನ ಗೋಡೆಯೊಂದು ಬಂದು ನಿಲ್ಲುವುದೇ ಅಪಾಯ. ಎಲ್ಲರೂ ಒಂದೇ ಕಡೆಗೆ ಸರಿದರೆ ಮುಗಿಯಿತು. ಆದ್ದರಿಂದ ದೊಡ್ಡ ಹಡಗು ದೂರ ನಿಲ್ಲಬೇಕು, ಗಟ್ಟಿ ತಳದ ಗಾಳಿದೋಣಿಗಳು ಹತ್ತಿರ ಹೋಗಬೇಕು. ಅಂಥ ದೋಣಿ ಕನಿಷ್ಠ ಎರಡಿರಲಿ. ಒಂದು ಜನರನ್ನು ತರುವಾಗ ಇನ್ನೊಂದು ಅಲ್ಲೇ ಇರಬೇಕು. ಅದರಲ್ಲಿ ಮೊದಲು ಹೋಗಬೇಕಾದವರು ನಿರಾಶ್ರಿತರ ಭಾಷೆ ಬಲ್ಲವರು. ಹಲವರು ಹೊರಟಿರುವುದು ಲಿಬಿಯಾದ ದಡದಿಂದ, ಹಿಡಿದು ಮತ್ತೆ ಅಲ್ಲಿಗೇ ಒಯ್ದಾರೆಂಬ ಭಯ ಅವರಿಗೆ. ‘ನಾವು ಲಿಬಿಯಾದವರಲ್ಲ, ನಿಮ್ಮನ್ನು ವಾಪಸು ಕರೆದೊಯ್ಯುವುದಿಲ್ಲ, ಕುಳಿತೇ ಇರಿ’ ಎಂಬ ಮಾತು ತಲುಪಿದ ಮೇಲೆ ಲೈಫ್ ಜಾಕೆಟ್ ಹಂಚಿಕೆ. ಎಲ್ಲರಿಗೂ ಜಾಕೆಟ್ ಸಿಕ್ಕ ಮೇಲೆ ಜನರ ಸ್ಥಳಾಂತರ. ನಿಮ್ಮ ಹಡಗಿನ ಬಣ್ಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನೌಕಾಪಡೆಯ ಬೂದು ಬಣ್ಣ ಬಳಿದರೆ ದೂರದಿಂದ ನೋಡಿದವರು ಹೆದರಿ ನೀರಿಗೆ ಹಾರಿಯಾರು.

ಈ ಪಕ್ಕೆಯ ವಿನ್ಯಾಸವನ್ನು ನೀವು ಹೊಸದಾಗಿ ಕಂಡುಹಿಡಿಯಬೇಕಿಲ್ಲ. 1988ರಲ್ಲಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆ ಸ್ಫೋಟಿಸಿ 167 ಮಂದಿ ಸತ್ತರು. ತೈಲ ವೇದಿಕೆಗಳ ಬಳಿ ಸದಾ ಕಾವಲು ನಿಲ್ಲುವ ಹಡಗುಗಳು ಹೇಗಿರಬೇಕೆಂಬ ಪ್ರಶ್ನೆಯನ್ನು ಅಲ್ಲಿನವರು ಆಮೇಲೆ ಗಂಭೀರವಾಗಿ ತೆಗೆದುಕೊಂಡರು. ಅವುಗಳ ನಡುಭಾಗ ನೀರಿಗೆ ತಗ್ಗಾಗಿರುತ್ತದೆ. ಜನರನ್ನು ಎತ್ತಿಕೊಳ್ಳುವ ಜಾಗಕ್ಕೆ ಪಟ್ಟೆ ಬಳಿದು ಗುರುತು ಮಾಡಿರುತ್ತಾರೆ, ಅದು ಪ್ರೊಪೆಲ್ಲರಿನಿಂದ ದೂರ ಇರುತ್ತದೆ. ಹತ್ತುವ ಬಲೆ ಇರುತ್ತದೆ. ಪ್ರಜ್ಞೆ ಇಲ್ಲದವರನ್ನು ಬಾಚಿಕೊಳ್ಳಲು ಕ್ರೇನಿಗೆ ಕಟ್ಟಿದ ದೊಡ್ಡ ಜಾಲರಿ ಇರುತ್ತದೆ. ನನ್ನನ್ನು ಕೇಳಿದರೆ ನಿರಾಶ್ರಿತರ ಹಡಗಿಗೆ ಇದಕ್ಕಿಂತ ಒಳ್ಳೆಯ ಮೂಲ ಮಾದರಿ ಇಲ್ಲ. ಸ್ಪರ್ಧೆಗಳಲ್ಲಿ ಬಹುಮಾನ ಪಡೆಯುವ ಹೊಳೆಯುವ ಚಿತ್ರಗಳಲ್ಲಿ ಮಾತ್ರ ಈ ತಗ್ಗು ಪಕ್ಕೆ ಕಾಣುವುದೇ ಅಪರೂಪ. ಅದು ಚಂದ ಕಾಣುವುದಿಲ್ಲವಲ್ಲ!

ನೀರಿನ ಮಟ್ಟದಿಂದ ಡೆಕ್ಕಿಗಿರುವ ಎತ್ತರ, ಅಂದರೆ ಫ್ರೀಬೋರ್ಡ್, ಆ ಜಾಗದಲ್ಲಿ ಒಂದೂವರೆ ಮೀಟರಿನ ಆಸುಪಾಸು ಇದ್ದರೆ ಗಾಳಿದೋಣಿಯಲ್ಲಿ ನಿಂತವರ ಕೈಗೆ ಡೆಕ್ಕಿನ ಮೇಲಿನವರ ಕೈ ಸಿಗುತ್ತದೆ. ಅಲೆ ಎತ್ತಿದಾಗ ಒಂದೇ ಹೆಜ್ಜೆ. ಇನ್ನೂ ತಗ್ಗಿಸಿದರೆ ಜನ ಮಲಗುವ ಡೆಕ್ಕಿಗೇ ನೀರು ನುಗ್ಗುತ್ತದೆ. ನೀರು ಹೊರಹೋಗಲು ಬಿಟ್ಟ ಕಿಂಡಿಗಳಿಂದಲೇ ಅಲೆ ಒಳಬರುವುದೂ ಉಂಟು. ಹಾಗಾಗಿ ಮಲಗುವ ನೆಲ ಡೆಕ್ಕಿಗಿಂತ ಒಂದು ಗೇಣಾದರೂ ಮೇಲಿರಬೇಕು. ಕೆಲವರು ಪಕ್ಕೆಯಲ್ಲಿ ದೊಡ್ಡ ಬಾಗಿಲು ಕೊರೆದು ಮಡಚುವ ವೇದಿಕೆ ಇಡುತ್ತಾರೆ. ಕೆಲಸಕ್ಕೆ ಬರುತ್ತದೆ. ಆದರೆ ಪಕ್ಕೆಯಲ್ಲಿನ ಪ್ರತಿ ಬಾಗಿಲೂ ನೀರು ಬಿಗಿ ಇರಲೇಬೇಕಾದ ಇನ್ನೊಂದು ರಂಧ್ರ ಎಂಬುದು ನೆನಪಿರಲಿ.

ನೀರಿನಲ್ಲಿ ಬಹಳ ಹೊತ್ತು ಇದ್ದವರನ್ನು ಎತ್ತುವುದಕ್ಕೆ ಬೇರೆಯೇ ವ್ಯವಸ್ಥೆ ಬೇಕು. ನೀರಿನ ಒತ್ತಡ ಕಾಲಿನ ರಕ್ತವನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತದೆ. ತಣ್ಣಗಾದ ದೇಹವನ್ನು ಕಂಕುಳಿಗೆ ಹಗ್ಗ ಹಾಕಿ ನೆಟ್ಟಗೆ ಎತ್ತಿದರೆ ರಕ್ತ ಕಾಲಿಗಿಳಿಯುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಕೈಗೆ ಸಿಕ್ಕಿದವರು ಕೈಯಲ್ಲೇ ಸಾಯುವುದು ಹೀಗೆ. ಆದ್ದರಿಂದ ಮಲಗಿದ ಭಂಗಿಯಲ್ಲೇ ಹೊರಳಿಸಿ ಮೇಲೆ ತರುವ ತೊಟ್ಟಿಲು ಬಲೆಯನ್ನು ಎರಡೂ ಪಕ್ಕೆಗಳಲ್ಲಿ ತೋರಿಸಿ. ಕ್ರೇನಿನ ತೋಳು ಅಲ್ಲಿಗೆ ನಿಲುಕುತ್ತದೆಯೇ ಎಂದೂ ನೋಡಿ.

ಹತ್ತಿದವರು ಮೊದಲು ಹೋಗಬೇಕಾದದ್ದು ಕ್ಲಿನಿಕ್ಕಿಗಲ್ಲ, ಸ್ನಾನಕ್ಕೆ. ರಬ್ಬರ್ ದೋಣಿಗಳಲ್ಲಿ ಕ್ಯಾನುಗಳಿಂದ ಚೆಲ್ಲಿದ ಪೆಟ್ರೋಲು ಉಪ್ಪುನೀರಿನೊಂದಿಗೆ ಬೆರೆತು ತಳದಲ್ಲಿ ನಿಲ್ಲುತ್ತದೆ. ಸುರಕ್ಷಿತವೆಂದು ಹೆಂಗಸರನ್ನೂ ಮಕ್ಕಳನ್ನೂ ದೋಣಿಯ ನಡುವೆ ಕೂರಿಸುವುದು ವಾಡಿಕೆ. ಆ ಮಿಶ್ರಣದಲ್ಲಿ ಗಂಟೆಗಟ್ಟಲೆ ಕುಳಿತವರೂ ಅವರೇ. ತೊಡೆ, ಸೊಂಟ, ಪೃಷ್ಠದ ಚರ್ಮ ಸುಟ್ಟು ಸುಲಿದು ಬಂದಿರುತ್ತದೆ. ತೊಯ್ದ ಬಟ್ಟೆ ತೆಗೆಸುವವರೆಗೂ ಸುಡುವುದು ನಿಲ್ಲುವುದಿಲ್ಲ. ಹೀಗಾಗಿ ಹತ್ತುವ ಜಾಗದಿಂದ ಹತ್ತು ಹೆಜ್ಜೆಯೊಳಗೆ ಮರೆಯಿರುವ ಶವರ್, ಒಣ ಬಟ್ಟೆ, ಕಂಬಳಿ. ಹೆಂಗಸರದ್ದು ಬೇರೆ, ಅಲ್ಲಿ ಕೆಲಸ ಮಾಡುವವರೂ ಹೆಂಗಸರೇ. ಒಂದು ತಾಂತ್ರಿಕ ಎಚ್ಚರಿಕೆ: ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಗ್ಗಿಗೆ ಇಳಿದು ನಿಲ್ಲುತ್ತದೆ. ಈ ಶವರನ್ನು ಕೆಳಡೆಕ್ಕಿನ ಮುಚ್ಚಿದ ಕೋಣೆಯಲ್ಲಿ ಇಡಬೇಡಿ; ಅದರ ನೀರನ್ನು ವಸತಿ ಭಾಗದ ಕೊಳವೆಗೂ ಸೇರಿಸಬೇಡಿ. ಬಿಚ್ಚಿದ ಬಟ್ಟೆ ತುಂಬಿದ ಚೀಲಗಳಿಗೂ ತೆರೆದ ಗಾಳಿಯಲ್ಲೇ ಜಾಗ ಬೇಕು.

ಇನ್ನು ಸ್ಥಿರತೆ. ನಾನೂರು ಜನ ಒಂದು ಕಡೆ ನುಗ್ಗಿದರೆ ಹಡಗು ಮಗುಚುವುದಿಲ್ಲವೇ ಎಂಬ ಭಯ ಎಲ್ಲ ವಿದ್ಯಾರ್ಥಿಗಳಿಗೂ ಇರುತ್ತದೆ. ಲೆಕ್ಕ ಹಾಕೋಣ. ಅಂತರರಾಷ್ಟ್ರೀಯ ನಿಯಮಾವಳಿಯಂತೆ ತಲೆಗೆ 75 ಕಿಲೋ ಹಿಡಿದರೆ 400 ಜನ ಎಂದರೆ 30 ಟನ್. ಎಲ್ಲರೂ ನಾಲ್ಕು ಮೀಟರ್ ಪಕ್ಕಕ್ಕೆ ಸರಿದರು ಎನ್ನೋಣ. ನಿಮ್ಮ ಹಡಗು ಸುಮಾರು 2500 ಟನ್ ತೂಗಿ, ಅದರ ಮೆಟಾಸೆಂಟರ್ ಎತ್ತರ (ಜಿಎಂ, ಅಂದರೆ ವಾಲಿದ ಹಡಗು ಎಷ್ಟು ಬಲವಾಗಿ ನೆಟ್ಟಗಾಗುತ್ತದೆ ಎಂಬುದರ ಅಳತೆ) ಒಂದು ಮೀಟರ್ ಇದ್ದರೂ ವಾಲುವುದು ಮೂರು ಡಿಗ್ರಿಯೊಳಗೆ. ಜನ ಒಂದು ಪಕ್ಕಕ್ಕೆ ಸೇರಿದಾಗ ಪ್ರಯಾಣಿಕ ಹಡಗಿಗೆ ನಿಯಮ ಕೊಡುವ ಮಿತಿ 10 ಡಿಗ್ರಿ. ಅಂದರೆ ಚಿಂತೆ ಇಲ್ಲ. ಇದೇ ಲೆಕ್ಕವನ್ನು 30 ಮೀಟರಿನ ಪುಟ್ಟ ಹಡಗಿಗೆ ಹಾಕಿ ನೋಡಿ, ಬೆವರುತ್ತೀರಿ.

ನಿಮ್ಮ ಗಾತ್ರದ ಹಡಗಿನ ಸಮಸ್ಯೆ ಇದಕ್ಕೆ ತದ್ವಿರುದ್ಧ. ಈ ಕೆಲಸಕ್ಕೆ ಮಾರ್ಪಡಿಸಲಾಗುವ, ತೈಲ ವೇದಿಕೆಗೆ ಸಾಮಗ್ರಿ ಒಯ್ಯುವ ಹಡಗು ಡೆಕ್ಕಿನ ಮೇಲೆ ನೂರಾರು ಟನ್ ಕೊಳವೆ, ಯಂತ್ರ ಹೊರಲು ಕಟ್ಟಿದ್ದು. ಅದರ ಮೇಲೆ 30 ಟನ್ ಮನುಷ್ಯರನ್ನಷ್ಟೇ ಇಟ್ಟರೆ ಅದು ಅತಿಯಾಗಿ ಬಿಗಿಯಾಗುತ್ತದೆ. ಅಲೆ ವಾಲಿಸಿದ ಕೂಡಲೇ ಝಾಡಿಸಿ ನೆಟ್ಟಗಾಗುತ್ತದೆ. 15 ಮೀಟರ್ ಅಗಲದ ಹಡಗಿಗೆ ಜಿಎಂ ಒಂದು ಮೀಟರ್ ಇದ್ದರೆ ಒಂದು ಹೊಯ್ದಾಟಕ್ಕೆ ಸುಮಾರು 12 ಸೆಕೆಂಡ್; ನಾಲ್ಕು ಮೀಟರ್ ಆದರೆ ಆರೇ ಸೆಕೆಂಡ್. ಕಾಗದದ ಮೇಲೆ ಎರಡನೆಯದೇ ಸುರಕ್ಷಿತ. ಆದರೆ ಹಲವು ದಿನ ಉಪವಾಸವಿದ್ದು, ಮೈಯ ನೀರು ಬತ್ತಿ, ಡೆಕ್ಕಿನ ಮೇಲೆ ಮಲಗಿದ ಗರ್ಭಿಣಿಗೆ ಆ ಆರು ಸೆಕೆಂಡಿನ ಝಾಡಿಕೆ ನರಕ. ಕುಡಿಸಿದ ನೀರೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ತೂಕವನ್ನು ಲೆಕ್ಕ ಹಾಕಿಯೇ ಮೇಲಕ್ಕೆ ಏರಿಸಿ. ಆಶ್ರಯದ ಕಂಟೇನರುಗಳನ್ನು ಎರಡು ಅಂತಸ್ತಿನಲ್ಲಿ ಜೋಡಿಸಿದರೆ ಜಾಗವೂ ಸಿಗುತ್ತದೆ, ಹೊಯ್ದಾಟವೂ ಸಾವಧಾನಕ್ಕೆ ಬರುತ್ತದೆ. ಪಕ್ಕೆಗೆ ರೆಕ್ಕೆಯಂಥ ಸ್ಟೆಬಿಲೈಸರ್ ಹಾಕಲು ಮನಸ್ಸಾಗುತ್ತದೆ, ಬೇಡ. ಸಾಮಾನ್ಯ ರೆಕ್ಕೆಗಳು ಕೆಲಸ ಮಾಡುವುದು ಹಡಗು ಓಡುವಾಗ. ನಿಮ್ಮದು ನಿಂತೇ ಇರುತ್ತದೆ. ನೀರನ್ನು ಅತ್ತಿತ್ತ ಹರಿಸಿ ಹೊಯ್ದಾಟ ತಗ್ಗಿಸುವ ತೊಟ್ಟಿ ಅಗ್ಗ, ನಿಂತಾಗಲೂ ದುಡಿಯುತ್ತದೆ.

ಜಾಗದ ಮಾತಿಗೆ ಬಂದಾಗ ಪ್ರಾಮಾಣಿಕರಾಗಿರಿ. ಪರಿಹಾರ ಶಿಬಿರಗಳಿಗೆ ನೆರವಿನ ಸಂಸ್ಥೆಗಳು ಒಪ್ಪಿಕೊಂಡ ಸ್ಫಿಯರ್ ಮಾನದಂಡ ಹೇಳುವುದು ತಲೆಗೆ 3.5 ಚದರ ಮೀಟರ್. ನಾನೂರು ಜನಕ್ಕೆ 1400 ಆಯಿತು. ನಿಮ್ಮ ಹಡಗಿನ ಉದ್ದವನ್ನು ಅಗಲದಿಂದ ಗುಣಿಸಿದರೆ, ಮೂತಿ, ಯಂತ್ರದ ಕೋಣೆ, ಚಿಮಣಿ ಎಲ್ಲ ಸೇರಿಸಿ, ಬರುವುದೇ 1050. ಬಳಸಲು ಸಿಗುವ ಡೆಕ್ಕು 500 ಇದ್ದರೆ ದೊಡ್ಡದು. ಹೀಗಿರುವಾಗ ‘ಸಾಮರ್ಥ್ಯ 400’ ಎಂಬ ಒಂದೇ ಸಂಖ್ಯೆ ಬರೆಯುವುದು ಕಣ್ಣಿಗೆ ಮಣ್ಣೆರಚುವ ಕೆಲಸ. ಎರಡು ಸಂಖ್ಯೆ ಕೊಡಿ: ಒಂದೆರಡು ದಿನಕ್ಕೆ 400, ಮಾನದಂಡದಷ್ಟು ಜಾಗ ಕೊಟ್ಟು ಹತ್ತು ದಿನಕ್ಕೆ ಸುಮಾರು 150. ಮುಳುಗುತ್ತಿರುವವರನ್ನು ಯಾರೂ ಎಣಿಸಿ ಬಿಡುವುದಿಲ್ಲ ನಿಜ. ಆದರೆ ಎರಡನೆಯ ಸಂಖ್ಯೆ ದಾಟಿದ ಮೇಲೆ ಏನೇನು ಕೆಡುತ್ತದೆ ಎಂಬುದು ಕ್ಯಾಪ್ಟನ್ನಿಗೂ ದಡದಲ್ಲಿ ಕುಳಿತವರಿಗೂ ಮೊದಲೇ ಗೊತ್ತಿರಬೇಕು.

ಮೊದಲು ಕೆಡುವುದು ಶೌಚಾಲಯ. ಇದರ ಬಗ್ಗೆ ಯಾರೂ ಬರೆಯುವುದಿಲ್ಲ, ಆದ್ದರಿಂದ ನಾನು ಸ್ವಲ್ಪ ಹೆಚ್ಚೇ ಬರೆಯುತ್ತೇನೆ. ಇಪ್ಪತ್ತು ಜನಕ್ಕೆ ಒಂದು ಎಂದರೆ ಇಪ್ಪತ್ತು ಶೌಚಾಲಯ ಬೇಕು. ತುರ್ತಿನಲ್ಲಿ ಐವತ್ತಕ್ಕೆ ಒಂದು ಎಂದು ಇಳಿಸಿದರೂ ಎಂಟು. ಹಡಗಿನ ಶುದ್ಧೀಕರಣ ಘಟಕ ಮಾತ್ರ ಮೂವತ್ತು ಸಿಬ್ಬಂದಿಗೆಂದು ಹಾಕಿದ್ದು. ಅದಕ್ಕೆ ನಾನೂರು ಜನರ ಹೊರೆ ಬಿದ್ದರೆ ಅದರೊಳಗಿನ ಬ್ಯಾಕ್ಟೀರಿಯಾ ಸೋಲುತ್ತದೆ. ಶುದ್ಧೀಕರಿಸದ ಮಲಿನ ನೀರನ್ನು ದಡದಿಂದ 12 ನಾಟಿಕಲ್ ಮೈಲಿಯೊಳಗೆ ಬಿಡುವಂತಿಲ್ಲ ಎನ್ನುತ್ತದೆ ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಮಾರ್ಪೋಲ್ ಒಪ್ಪಂದ. ಬಂದರಿಗಾಗಿ ಕಾಯುವ ಹಡಗು, ಗಾಳಿಯಿಂದ ತಪ್ಪಿಸಿಕೊಳ್ಳಲು ದ್ವೀಪದ ಮರೆಗೆ ಬಂದು ನಿಲ್ಲುವುದು ಸರಿಯಾಗಿ ಆ 12 ಮೈಲಿಯೊಳಗೇ. ತೊಟ್ಟಿ ತುಂಬಿದರೆ ಖಾಲಿ ಮಾಡಲು ಮತ್ತೆ ಹೊರಸಮುದ್ರಕ್ಕೆ ಹೋಗಬೇಕು, ದಡ ದೂರವಾಗುವುದನ್ನು ನೋಡಿದ ಜನ ಲಿಬಿಯಾಕ್ಕೆ ಒಯ್ಯುತ್ತಿದ್ದಾರೆಂದು ಗಾಬರಿಗೊಳ್ಳುತ್ತಾರೆ. ಒಂದು ತೊಟ್ಟಿಯ ಗಾತ್ರ ತಪ್ಪಿದ್ದಕ್ಕೆ ಡೆಕ್ಕಿನ ಮೇಲೆ ಗಲಭೆ! ತಲೆಗೆ ದಿನಕ್ಕೆ 15 ಲೀಟರ್ ನೀರು ಎಂದರೆ 400 ಜನಕ್ಕೆ ಆರು ಟನ್, ಹತ್ತು ದಿನಕ್ಕೆ 60 ಟನ್. ಉಪ್ಪು ತೆಗೆಯುವ ಘಟಕವನ್ನೂ ಮಲಿನ ನೀರಿನ ತೊಟ್ಟಿಯನ್ನೂ ಇದೇ ಲೆಕ್ಕದಲ್ಲಿ ಅಳೆಯಿರಿ. ತೊಟ್ಟಿಯನ್ನು ಹಲವು ಸಣ್ಣ ಭಾಗಗಳಾಗಿ ಮಾಡಿ, ಅರ್ಧ ತುಂಬಿದ ಒಂದೇ ದೊಡ್ಡ ತೊಟ್ಟಿಯ ನೀರು ಹೊಯ್ದಾಡಿ ಸ್ಥಿರತೆಯನ್ನೇ ತಿನ್ನುತ್ತದೆ. ಯಾವ ಶೌಚಾಲಯ ಕಟ್ಟಿಕೊಂಡರೂ ಉಳಿದವು ನಡೆಯುವಂತೆ ಕೊಳವೆಗಳನ್ನು ಬೇರ್ಪಡಿಸಿ. ಬಾಗಿಲಿಗೆ ಒಳಗಿನಿಂದ ಚಿಲಕ, ರಾತ್ರಿಯಿಡೀ ದೀಪ.

ಹೆಂಗಸರ ಆಶ್ರಯ ಯಾರ ದಾರಿಯಲ್ಲೂ ಬರಬಾರದು. ಅಲ್ಲಿಗೇ ಸೇರಿದ ಶೌಚಾಲಯ, ಸ್ನಾನ, ಕ್ಲಿನಿಕ್ಕಿಗೆ ನೇರ ಬಾಗಿಲು. ಲಿಬಿಯಾದ ಬಂಧನ ಕೇಂದ್ರಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ವಿಶ್ವಸಂಸ್ಥೆಯ ವರದಿಗಳೇ ದಾಖಲಿಸಿವೆ. ಅದನ್ನು ಅನುಭವಿಸಿ ಬಂದವಳು ವೈದ್ಯರ ಬಳಿ ಹೋಗಬೇಕಾದರೆ ನೂರಾರು ಗಂಡಸರು ಕುಳಿತ ಡೆಕ್ಕು ದಾಟಬೇಕು ಎಂಬಂತಿದ್ದರೆ ಅವಳು ಹೋಗುವುದೇ ಇಲ್ಲ. ಸಿಬ್ಬಂದಿಯಲ್ಲಿ ಹೆರಿಗೆ ಬಲ್ಲ ಶುಶ್ರೂಷಕಿಯನ್ನು ಇಟ್ಟುಕೊಳ್ಳುವುದು ಈ ಹಡಗುಗಳಲ್ಲಿ ಸಾಮಾನ್ಯ. ಅಕ್ವೇರಿಯಸ್ ಹಡಗಿನ ಮೇಲೆ ಮಕ್ಕಳು ಹುಟ್ಟಿದ್ದೂ ಉಂಟು.

ಕ್ಲಿನಿಕ್ ಚಿಕ್ಕದೇ ಸಾಕು: ಒಂದೆರಡು ಹಾಸಿಗೆ, ಸುಟ್ಟ ಗಾಯ ತೊಳೆಯುವ ಜಾಗ, ಮೈ ಬಿಸಿ ಮಾಡುವ ವ್ಯವಸ್ಥೆ, ಹೆಲಿಕಾಪ್ಟರ್ ಹಗ್ಗ ಇಳಿಸಲು ಅಡ್ಡಿಯಿಲ್ಲದ ಡೆಕ್ಕಿನ ತುಂಡು. ಶಸ್ತ್ರಚಿಕಿತ್ಸಾ ಕೋಣೆಯ ಕನಸು ಬಿಡಿ. ಅದರ ಬದಲು ಎಲ್ಲ ವಿದ್ಯಾರ್ಥಿಗಳೂ ಮರೆಯುವ ಒಂದು ಕೋಣೆ ಸೇರಿಸಿ: ಶವಗಳನ್ನಿಡುವ ತಂಪು ಕೋಣೆ. 2021ರ ನವೆಂಬರಿನಲ್ಲಿ ಜಿಯೋ ಬ್ಯಾರೆಂಟ್ಸ್ ಹಡಗಿನವರು ಒಂದು ಮರದ ದೋಣಿಯಿಂದ 99 ಜನರನ್ನು ಉಳಿಸಿದಾಗ, ಅದರ ಕೆಳ ಅಂತಸ್ತಿನಲ್ಲಿ ಉಸಿರುಗಟ್ಟಿ ಸತ್ತ ಹತ್ತು ಜನರ ದೇಹಗಳೂ ಸಿಕ್ಕವು. ಸತ್ತವರ ಅಣ್ಣತಮ್ಮಂದಿರು, ಗೆಳೆಯರು ಅದೇ ಹಡಗಿನಲ್ಲಿ ಇರಬಹುದು. ತಂಪು ಕೋಣೆ ಅಡುಗೆಯ ಕೋಣೆಯ ಪಕ್ಕದಲ್ಲಿರಬಾರದು, ಅಲ್ಲಿಗೆ ದೇಹ ಒಯ್ಯುವ ದಾರಿ ಜನ ಮಲಗುವ ಜಾಗದ ಮೂಲಕ ಹೋಗಬಾರದು, ಮನೆಯವರು ಬಂದು ನೋಡಲು ನಾಲ್ಕು ಜನ ನಿಲ್ಲುವಷ್ಟು ಸ್ಥಳ ಇರಬೇಕು.

2020ರ ಜುಲೈಯಲ್ಲಿ ಓಷನ್ ವೈಕಿಂಗ್ ಹಡಗಿನ ಮೇಲೆ 180 ಜನ ಬಂದರಿಗಾಗಿ ಕಾಯುತ್ತಿದ್ದಾಗ ಪರಿಸ್ಥಿತಿ ಕೈಮೀರಿ, ಹಡಗಿನವರೇ ತುರ್ತುಸ್ಥಿತಿ ಘೋಷಿಸಿದರು. ಇಂಥದ್ದನ್ನು ಓದಿದ ವಿನ್ಯಾಸಕರಿಗೆ ತಕ್ಷಣ ಹೊಳೆಯುವುದು ಡೆಕ್ಕಿನ ಅಂಚಿನ ಕಟಕಟೆ ಎತ್ತರಿಸುವುದು, ಬಲೆ ಕಟ್ಟುವುದು. ನಾನು ಅದಕ್ಕೆ ವಿರೋಧಿ. ಸೆರೆಯಿಂದ ಬಂದವರಿಗೆ ಇನ್ನೊಂದು ಸೆರೆ ಕಟ್ಟಿದರೆ ಉದ್ವೇಗ ಇಳಿಯುವುದಿಲ್ಲ. ಸಾಮಾನ್ಯ ಎತ್ತರದ ಕಟಕಟೆ, ಸದಾ ಇಳಿಸಲು ಸಿದ್ಧವಿರುವ ದೋಣಿ, ಕಣ್ಣಿಟ್ಟು ಕಾಯುವ ಮನುಷ್ಯ ಇಷ್ಟು ಸಾಕು. ಇದರೊಂದಿಗೆ ಅಗ್ಗದ ಕೆಲವು ವಸ್ತುಗಳು: ಹಡಗು ಎಲ್ಲಿದೆ, ಯಾವ ಕಡೆ ಹೋಗುತ್ತಿದೆ ಎಂದು ಎಲ್ಲರಿಗೂ ಕಾಣುವ ನಕ್ಷೆ, ಗಡಿಯಾರ, ಹಲವು ಭಾಷೆಗಳಲ್ಲಿ ದಿನಕ್ಕೆರಡು ಬಾರಿ ಸುದ್ದಿ, ಬಿಸಿಲು ತಡೆಯುವ ಚಾವಣಿ, ಚಾವಣಿಯ ಕೆಳಗಿನಿಂದಲೂ ಕಾಣುವ ದಿಗಂತ. ಎಂಜಿನ್ನಿನ ಹೊಗೆ ಗಾಳಿಗೆ ಬಾಗಿ ಹಿಂಡೆಕ್ಕಿನ ಮೇಲೆ ಇಳಿಯದಂತೆ ಚಿಮಣಿಯ ಜಾಗವನ್ನು ಮೊದಲೇ ಯೋಚಿಸಿ. ಹಿಂಡೆಕ್ಕಿನ ಮೇಲೆಯೇ ಅಲ್ಲವೇ ಎಲ್ಲರೂ ಮಲಗುವುದು?

ವೇಗದ ಪ್ರಶ್ನೆಗೆ ಉತ್ತರ ಚಿಕ್ಕದು. ಬೇಕಾಗುವ ಶಕ್ತಿ ಸರಿಸುಮಾರು ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 12 ನಾಟ್ ಹಡಗನ್ನು 18ಕ್ಕೆ ಏರಿಸಿದರೆ ಮೂರೂಕಾಲು ಪಟ್ಟಿಗೂ ಹೆಚ್ಚು. ಆ ಎಂಜಿನ್, ಆ ಇಂಧನ ಕೂರುವುದು ಜನರ ಜಾಗದಲ್ಲಿ. ಬೇಗ ತಲುಪುವ ಕೆಲಸವನ್ನು ಫ್ರೆಂಚ್ ಕಸ್ಟಮ್ಸಿನಲ್ಲಿದ್ದ 30 ಮೀಟರಿನ ಲೂಯಿಸ್ ಮಿಷೆಲ್‌ನಂಥ ಹಡಗುಗಳಿಗೆ ಬಿಡಿ. ಅದು ಮೊದಲು ಹೋಗಿ ಜಾಕೆಟ್ ಹಂಚಲಿ, ನಿಮ್ಮದು ಹಿಂದಿನಿಂದ ಬರಲಿ.

ಹಳೆಯ ಹಡಗುಗಳೇ ಏಕೆ ಎಂದರೆ, ಮೊದಲ ಕಾರಣ ಹಣ. ಸೀ-ವಾಚ್ 3 ಕಟ್ಟಿದ್ದು 1972ರಲ್ಲಿ, ಅಕ್ವೇರಿಯಸ್ 1977ರಲ್ಲಿ, ಓಷನ್ ವೈಕಿಂಗ್ 1986ರಲ್ಲಿ. 1979ರಲ್ಲಿ ವಿಯೆಟ್ನಾಮಿನ ದೋಣಿ ನಿರಾಶ್ರಿತರಿಗಾಗಿ ಜರ್ಮನರು ಕಳಿಸಿದ ಕಾಪ್ ಅನಾಮುರ್ ಕೂಡ ಮಾರ್ಪಡಿಸಿದ ಸರಕು ಹಡಗೇ. 2014ರಲ್ಲಿ ತೈಲ ಬೆಲೆ ಕುಸಿದು ಸಾಮಗ್ರಿ ಹಡಗುಗಳು ಕೆಲಸವಿಲ್ಲದೆ ನಿಂತದ್ದೂ ಕೂಡಿಬಂತು. ಎರಡನೆಯ ಕಾರಣ ಕಾನೂನು. ಹನ್ನೆರಡಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಅದು ಪ್ರಯಾಣಿಕ ಹಡಗು. ಅದರ ನಿಯಮಗಳ ಹೊರೆಯೇ ಬೇರೆ. ರಕ್ಷಿಸಲ್ಪಟ್ಟವರನ್ನು ಪ್ರಯಾಣಿಕರೆಂದು ಎಣಿಸಬಾರದು ಎಂಬುದು ಸಮುದ್ರದಲ್ಲಿನ ಜೀವ ಸುರಕ್ಷತೆಯ ಸೋಲಾಸ್ ಒಪ್ಪಂದದಲ್ಲಿಯೇ ಇದೆ. ಆದರೂ 2020ರಲ್ಲಿ ಇಟಲಿಯ ಬಂದರುಗಳಲ್ಲಿ ‘ಪ್ರಮಾಣಪತ್ರಕ್ಕಿಂತ ಹೆಚ್ಚು ಜನ’ ಎಂಬ ಕಾರಣಕ್ಕೇ ಹಡಗುಗಳನ್ನು ತಡೆದರು. ತಲೆ ಎಣಿಕೆಯೊಂದೇ ಅದಕ್ಕೆ ಕಾರಣವಾಗಲಾರದು ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2022ರ ಆಗಸ್ಟ್ 1ರಂದು ತೀರ್ಪು ಕೊಟ್ಟಿತು. ಸುರಕ್ಷತೆಗೆ ನಿಜವಾದ ಅಪಾಯವಿದೆಯೆಂದು ತೋರಿಸಿದರೆ ತಪಾಸಣೆ, ತಡೆ ಈಗಲೂ ಸಾಧ್ಯ. ಆದ್ದರಿಂದ ಕಾಗದದ ಮೇಲೆ ಸರಕು ಹಡಗಾಗಿದ್ದರೂ, ಒಟ್ಟು ಜನಸಂಖ್ಯೆಗೆ ಸಾಕಾಗುವ ಜೀವರಕ್ಷಕ ತೆಪ್ಪಗಳನ್ನು ನೀವಾಗಿಯೇ ನಕ್ಷೆಯಲ್ಲಿ ತೋರಿಸಿ. ತಪಾಸಣೆಗೆ ಬಂದವರ ಮೊದಲ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ.

ನಿಮಗೂ ನನ್ನ ಸಲಹೆ ಇದೇ: ಹೊಸ ಹಡಗನ್ನು ಬಿಡಿಸಬೇಡಿ. ಒಂದು ಹಳೆಯ ಸಾಮಗ್ರಿ ಹಡಗಿನ ನಕ್ಷೆ ಹುಡುಕಿ, ಅದನ್ನು ಮಾರ್ಪಡಿಸಿ. ಮೊದಲು ಜನ ಹತ್ತುವ ಜಾಗದಲ್ಲಿ ಹಡಗನ್ನು ಅಡ್ಡಲಾಗಿ ಸೀಳಿದ ಚಿತ್ರ ಬರೆಯಿರಿ; ಗಾಳಿದೋಣಿ, ಅಲೆಯ ಎತ್ತರ, ಕೈ ಚಾಚಿದ ಮನುಷ್ಯ ಮೂರೂ ಅಳತೆಗೆ ಸರಿಯಾಗಿರಲಿ. ಎರಡನೆಯದಾಗಿ ಗರ್ಭಿಣಿಯೊಬ್ಬಳು ಹತ್ತುವ ಜಾಗದಿಂದ ಶವರಿಗೆ, ಕ್ಲಿನಿಕ್ಕಿಗೆ, ಹಾಸಿಗೆಗೆ, ಶೌಚಕ್ಕೆ ನಡೆಯುವ ದಾರಿಯನ್ನು ಡೆಕ್ಕಿನ ನಕ್ಷೆಯ ಮೇಲೆ ಒಂದು ಗೆರೆಯಲ್ಲಿ ಎಳೆಯಿರಿ. ಅದು ಎಷ್ಟು ಕಡೆ ಗುಂಪನ್ನು ದಾಟುತ್ತದೆ ಎಂದು ಎಣಿಸಿ. ಮೂರನೆಯದು ಮಲಿನ ನೀರಿನ ತೊಟ್ಟಿಯ ಲೆಕ್ಕ. ಬಣ್ಣದ ತ್ರೀಡಿ ಚಿತ್ರವನ್ನು ಈ ಮೂರೂ ಮುಗಿದ ಮೇಲೆ ಮಾಡಿ, ಸಮಯ ಉಳಿದರೆ.